ಕಣ್ಣು ಮಿಟುಕ್ಸು ಅಜ್ಜ

ಬದುಕಿದ್ದೇನೆಂದು ವರ್ಷಕ್ಕೊಮ್ಮೆ ಸಾಬೀತು ಮಾಡದಿದ್ದರೆ ಪಿಂಚಣಿ ನಿಲ್ಲುತ್ತದೆ. ದಾವಣಗೆರೆಯ ಹತ್ತಿ ಗಿರಣಿಗಳಲ್ಲಿ, ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ದುಡಿದವರಿಗೆ ಈ ಕಟ್ಟಳೆ ಚೆನ್ನಾಗಿ ಗೊತ್ತು. 2014ರಲ್ಲಿ ಜೀವನ್ ಪ್ರಮಾಣ್ ಎಂಬ ಡಿಜಿಟಲ್ ಜೀವಿತ ಪ್ರಮಾಣಪತ್ರ ಬಂದಾಗ ಬೆರಳಚ್ಚು ಕೊಟ್ಟರೆ ಸಾಕಿತ್ತು. ಆದರೆ ದುಡಿದು ಸವೆದ ಬೆರಳು ಎಷ್ಟೋ ಸಲ ಯಂತ್ರಕ್ಕೆ ಹತ್ತುತ್ತಿರಲಿಲ್ಲ. 2021ರ ನವೆಂಬರಿನಲ್ಲಿ ಮುಖ ತೋರಿಸುವ ವಿಧಾನವೂ ಸೇರಿತು. ಈಗ ಕೆ.ಬಿ. ಬಡಾವಣೆಯ ಮನೆಯಲ್ಲಿ ಮೊಮ್ಮಗಳು ಫೋನ್ ಹಿಡಿದು “ಕಣ್ಣು ಮಿಟುಕ್ಸು ಅಜ್ಜ” ಎಂದರೆ ಕೆಲಸ ಮುಗಿಯಿತು. ಮಿಟುಕಿಸುವುದು ಯಾಕೆಂದರೆ, ಗೋಡೆಯ ಮೇಲಿನ ಫೋಟೊ ಮಿಟುಕಿಸುವುದಿಲ್ಲ.

ಇಂಥ ವ್ಯವಸ್ಥೆಗಳ ಬೆನ್ನಿಗಿರುವುದು ಡೀಪ್ ಲರ್ನಿಂಗ್. ನ್ಯೂರಲ್ ನೆಟ್‌ವರ್ಕ್ ಎಂಬ ಗಣಿತದ ಜಾಲ ಮುಖವನ್ನು ಅಂಕಿಗಳ ಸಾಲಾಗಿಸುತ್ತದೆ. ಗೂಗಲ್ 2015ರಲ್ಲಿ ಪ್ರಕಟಿಸಿದ ಫೇಸ್‌ನೆಟ್‌ನಲ್ಲಿ ಒಂದು ಮುಖಕ್ಕೆ 128 ಅಂಕಿ. ಮೂಗು ಹೀಗೆ, ಹುಬ್ಬು ಹಾಗೆ ಎಂದು ಅದಕ್ಕೆ ಯಾರೂ ಹೇಳಿಕೊಡಲಿಲ್ಲ. ಮೂರು ಮೂರು ಫೋಟೊ ತೋರಿಸಿದರು: ಎರಡು ಒಬ್ಬರವೇ, ಮೂರನೆಯದು ಬೇರೆಯವರದು. ಮೊದಲೆರಡರ ಅಂಕಿಗಳು ಹತ್ತಿರ ಬರುವಂತೆ, ಮೂರನೆಯದರವು ದೂರ ಸರಿಯುವಂತೆ ಜಾಲ ತನ್ನೊಳಗಿನ ಲೆಕ್ಕವನ್ನು ಕೋಟಿಗಟ್ಟಲೆ ಫೋಟೊಗಳ ಮೇಲೆ ತಿದ್ದಿಕೊಳ್ಳುತ್ತಾ ಹೋಯಿತು. ಹಾಗಾಗಿ ಕನ್ನಡಕ ಬಂದರೂ ಗಡ್ಡ ಹೋದರೂ ಅಂತರ ಅಷ್ಟಾಗಿ ಹಿಗ್ಗುವುದಿಲ್ಲ.

ಅಜ್ಜನ ವಿಷಯದಲ್ಲಿ ಪ್ರಶ್ನೆ ಸಣ್ಣದು: ಈ ಮುಖ, ಆಧಾರ್‌ನಲ್ಲಿರುವ ಆ ಮುಖ, ಎರಡೂ ಒಬ್ಬರದೇ? ರಸ್ತೆಯ ಕ್ಯಾಮೆರಾಕ್ಕೆ “ಇವನು ಯಾರು?” ಎಂದು ಕೇಳಿದರೆ ಲೆಕ್ಕವೇ ಬೇರೆ. ಹತ್ತು ಸಾವಿರ ಹೋಲಿಕೆಗೆ ಒಂದೇ ತಪ್ಪು ಮಾಡುವ ಯಂತ್ರ ಎಂದಿಟ್ಟುಕೊಳ್ಳಿ, ಪಿಂಚಣಿಗೆ ಧಾರಾಳವಾಯಿತು. 2011ರ ಜನಗಣತಿಯಲ್ಲೇ ದಾವಣಗೆರೆ ನಗರದ ಜನಸಂಖ್ಯೆ 4.3 ಲಕ್ಷ ದಾಟಿತ್ತು. ಅಷ್ಟೂ ಮುಖಗಳ ಜೊತೆ ಒಬ್ಬನನ್ನು ಹೋಲಿಸಿದರೆ ನಲವತ್ತಕ್ಕೂ ಹೆಚ್ಚು ಮಂದಿ ಏನೂ ಮಾಡದೆಯೇ ‘ಅವನೇ’ ಆಗಿಬಿಡುತ್ತಾರೆ.

ಮುಖಭಾವ ಓದುವುದಂತೂ ಇನ್ನೂ ಕಷ್ಟ. ಇದಕ್ಕೆ ಹೆಚ್ಚು ಬಳಕೆಯಾಗುವ ಎಫ್‌ಇಆರ್-2013 ಸಂಗ್ರಹದಲ್ಲಿ 35,887 ಚಿತ್ರಗಳಿವೆ. ಒಂದೊಂದೂ ಉದ್ದಗಲ 48 ಪಿಕ್ಸೆಲ್. ಸಿಟ್ಟು, ಜಿಗುಪ್ಸೆ, ಭಯ, ಸಂತೋಷ, ದುಃಖ, ಅಚ್ಚರಿ, ನಿರ್ಭಾವ ಎಂದು ಏಳು ಬಗೆಯ ಚೀಟಿ ಹಚ್ಚಿದ್ದಾರೆ. ಮನುಷ್ಯರೇ ಇವನ್ನು ನೋಡಿ ಶೇ 65ರ ಆಸುಪಾಸು ಸರಿ ಹೇಳುತ್ತಾರೆ, ಅಷ್ಟೆ. ಚೀಟಿ ಸರಿಯೇ ಎಂದು ತೀರ್ಮಾನಿಸಿದ್ದು ಮುಖ ನೋಡಿ. ಆ ಗಳಿಗೆಯಲ್ಲಿ ಮನಸ್ಸಿನಲ್ಲಿ ಏನಿತ್ತೆಂದು ವಿಚಾರಿಸಿದವರಿಲ್ಲ. ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕೆ? ರಂಗನಟಿ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ನಾಟಕ ಕಂಡ ಊರು. ರಂಗದ ಮೇಲೆ ಗೋಳಾಡಿದ ನಟಿ ಪರದೆ ಬಿದ್ದೊಡನೆ ಚಹಾ ಕೇಳಬಹುದು. ಕ್ಯಾಮೆರಾ ಅಳೆಯುವುದು ಹುಬ್ಬು, ತುಟಿ ಎಷ್ಟು ಸರಿದವೆಂಬುದನ್ನು. ಮನೋವಿಜ್ಞಾನಿ ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಸಂಗಡಿಗರು ಹಿಂದಿನ ಅಧ್ಯಯನಗಳನ್ನು ಜಾಲಾಡಿ, ಸಿಟ್ಟು ಬಂದಾಗ ಜನ ಮುಖ ಗಂಟಿಕ್ಕುವುದು ಶೇ 30ರಷ್ಟು ಸಲ ಮಾತ್ರ ಎಂದು 2019ರಲ್ಲಿ ತೋರಿಸಿದರು.

ಹಾಗಿದ್ದೂ ಕೆಲಸದ ಸಂದರ್ಶನಕ್ಕೆ ಬಂದವರ, ತರಗತಿಯಲ್ಲಿ ಕೂತ ಮಕ್ಕಳ ಮನಸ್ಸು ಓದುತ್ತೇವೆಂದು ತಂತ್ರಾಂಶ ಮಾರುವವರಿದ್ದಾರೆ. ನನಗದು ಹಸ್ತಸಾಮುದ್ರಿಕಕ್ಕಿಂತ ಮೇಲೆನಿಸಿಲ್ಲ. ಐರೋಪ್ಯ ಒಕ್ಕೂಟ 2025ರ ಫೆಬ್ರವರಿ 2ರಿಂದ ಕಚೇರಿ, ಶಾಲೆಗಳಲ್ಲಿ ಇಂಥ ತಂತ್ರಾಂಶವನ್ನು ನಿಷೇಧಿಸಿದೆ. ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳಿಗೆ ಮಾತ್ರ ವಿನಾಯಿತಿ.