ಜಿಂಕೆಗೆ ಹೊಡೆದ ಗುಂಡು ರಣಹದ್ದಿಗೂ ತಗಲಿತು

ಮೆದು, ಭಾರ, ಅಗ್ಗ, ಬೇಗ ಕರಗುವ ಗುಣ - ಈ ನಾಲ್ಕೂ ಒಂದೇ ಲೋಹದಲ್ಲಿ ಸಿಗುವುದರಿಂದ ಕೋವಿಯ ಗುಂಡಿಗೆ ಶತಮಾನಗಳ ಕಾಲ ಸೀಸವನ್ನೇ ಬಳಸಲಾಯಿತು. ಸೀಸ 327 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗುತ್ತದೆ. ಸೌದೆ ಒಲೆಯ ಮೇಲಿಟ್ಟು ಕರಗಿಸಿ ಅಚ್ಚಿಗೆ ಹೊಯ್ದರೆ ಗುಂಡು ಸಿದ್ಧ. ತಾಮ್ರ ಕರಗಬೇಕಾದರೆ 1,085 ಡಿಗ್ರಿ ಬೇಕು, ಅದಕ್ಕೆ ಕುಲುಮೆಯೇ ಆಗಬೇಕು. ಬೆಲೆಯೂ ಹೆಚ್ಚು. ಹೀಗಿದ್ದರೂ ಕೆಲವು ದಶಕಗಳಿಂದ ಅಮೆರಿಕದ ಅನೇಕ ಜಿಂಕೆ ಬೇಟೆಗಾರರು ಸೀಸವನ್ನು ಬಿಟ್ಟು ತಾಮ್ರದ ಗುಂಡಿಗೆ ಬದಲಾಯಿಸಿಕೊಂಡಿದ್ದಾರೆ. ಅವರಲ್ಲಿ ಹಲವರ ಮನಸ್ಸನ್ನು ಬದಲಿಸಿದ್ದು ಒಂದು ಎಕ್ಸ್-ರೇ ಚಿತ್ರ.

ನಮ್ಮ ದೇಶದಲ್ಲಿ ಜಿಂಕೆಯ ಬೇಟೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅಮೆರಿಕದ ಪರಿಸ್ಥಿತಿ ಬೇರೆ. ಅಲ್ಲಿನ ಬಹುಭಾಗದಲ್ಲಿ ತೋಳಗಳು ಇಲ್ಲವಾಗಿವೆ, ಜಿಂಕೆಗಳು ಕೋಟಿಗಟ್ಟಲೆ ಇವೆ. ನಿಗದಿತ ಋತುವಿನಲ್ಲಿ ಪರವಾನಗಿ ಪಡೆದು ಬೇಟೆಯಾಡಲು ಅವಕಾಶವಿದ್ದು, ಹಳ್ಳಿಗಾಡಿನ ಅದೆಷ್ಟೋ ಮನೆಗಳಲ್ಲಿ ಆ ಮಾಂಸವೇ ವರ್ಷದ ಆಹಾರ. ಬೇಟೆಗಾರ ಬಿದ್ದ ಪ್ರಾಣಿಯ ಹೊಟ್ಟೆಯನ್ನು ಅಲ್ಲೇ ಸೀಳಿ ಕರುಳು, ಶ್ವಾಸಕೋಶಗಳನ್ನು ಕಾಡಿನಲ್ಲೇ ಬಿಟ್ಟು, ಉಳಿದುದನ್ನು ಮನೆಗೆ ಒಯ್ಯುತ್ತಾನೆ. ಹೀಗೆ ಬಿಟ್ಟುಹೋದ ಭಾಗ ಮತ್ತು ಮನೆಗೆ ಒಯ್ದ ಭಾಗ, ಎರಡರಲ್ಲೂ ಗುಂಡಿನ ಪಾಲಿತ್ತು.

ಗುಂಡು ಚೂರಾಗುವ ಬಗೆ

ಬೇಟೆಯ ಮಾಮೂಲಿ ಗುಂಡು ಹೊರಗಿನಿಂದ ತಾಮ್ರದ ಬಣ್ಣದ್ದೇ. ಆದರೆ ಆ ತಾಮ್ರ ತೆಳ್ಳಗಿನ ಹೊದಿಕೆ ಮಾತ್ರ, ಒಳಗಿರುವುದು ಸೀಸ. ಅದರ ತೂಕ ಸುಮಾರು 10 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 800 ಮೀಟರ್ ಎಂದಿಟ್ಟುಕೊಳ್ಳೋಣ. ಚಲನಶಕ್ತಿಯ ಸೂತ್ರಕ್ಕೆ ಈ ಅಂಕಿಗಳನ್ನು ಹಾಕಿದರೆ 3,200 ಜೂಲ್ ಬರುತ್ತದೆ. 10 ಕಿಲೋ ಅಕ್ಕಿಯ ಚೀಲವನ್ನು ಹತ್ತು ಮಹಡಿಯ ಎತ್ತರಕ್ಕೆ ಏರಿಸಲು ಬೇಕಾಗುವಷ್ಟು ಶಕ್ತಿ ಇದು. ಇಷ್ಟೊಂದು ಶಕ್ತಿಯಿಂದ ದೇಹವನ್ನು ಹೊಕ್ಕ ಮೆದು ಸೀಸ ಅಣಬೆಯಂತೆ ಅರಳಿ, ಜೊತೆಜೊತೆಗೇ ಚೂರುಚೂರಾಗಿ ಸಿಡಿಯುತ್ತದೆ. ಹಲವು ಚೂರುಗಳು ಎಷ್ಟು ಸಣ್ಣವೆಂದರೆ ಕಣ್ಣಿಗೆ ಕಾಣವು, ಹಲ್ಲಿಗೂ ಸಿಗವು.

ಎಕ್ಸ್-ರೇ ಕಿರಣಗಳು ಮಾಂಸವನ್ನು ಸುಲಭವಾಗಿ ಹಾಯುತ್ತವೆ, ಸೀಸ ಅವನ್ನು ತಡೆಯುತ್ತದೆ. ಹೀಗಾಗಿ ಚಿತ್ರದಲ್ಲಿ ಈ ಚೂರುಗಳು ಕಪ್ಪು ಆಕಾಶದಲ್ಲಿ ನಕ್ಷತ್ರ ಚೆಲ್ಲಿದಂತೆ ಬೆಳ್ಳಗೆ ಕಾಣುತ್ತವೆ. ಬೇಟೆಗಾರರು ಬಿಟ್ಟುಹೋದ 20 ಕರುಳಿನ ಗುಡ್ಡೆಗಳನ್ನು ವಿಜ್ಞಾನಿಗಳು ಹೀಗೆ ಪರೀಕ್ಷಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. 18 ಗುಡ್ಡೆಗಳಲ್ಲಿ ಚೂರುಗಳಿದ್ದವು, ಕೆಲವುಗಳಲ್ಲಿ ಇನ್ನೂರಕ್ಕೂ ಹೆಚ್ಚು. ಜಿಂಕೆಯ ದೇಹದಲ್ಲಿ ಗುಂಡಿನ ಗಾಯದಿಂದ ಗೇಣುದ್ದ ದೂರದಲ್ಲೂ ಚೂರುಗಳು ಕಂಡವು. ಗಾಯದ ಸುತ್ತಲಿನ ಒಂದಿಷ್ಟು ಮಾಂಸವನ್ನು ಕತ್ತರಿಸಿ ಎಸೆದರೆ ಸಾಕು ಎಂಬ ಹಳೆಯ ನಂಬಿಕೆ ಇದರಿಂದ ಬಿದ್ದುಹೋಯಿತು.

ಹೊಟ್ಟೆ ತುಂಬಿದ್ದರೂ ಹಸಿವು

ಕಾಡಿನಲ್ಲಿ ಬಿಟ್ಟ ಭಾಗಕ್ಕೆ ಬರುವ ಅತಿಥಿಗಳಲ್ಲಿ ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ರಣಹದ್ದು ಮುಖ್ಯವಾದುದು. ರೆಕ್ಕೆ ಬಿಚ್ಚಿದರೆ ಸುಮಾರು ಮೂರು ಮೀಟರ್ ಅಗಲ. ಹೆಣ್ಣು ಒಂದು ಸಲಕ್ಕೆ ಇಡುವುದು ಒಂದೇ ಮೊಟ್ಟೆ, ಅದೂ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ. 1982ರಲ್ಲಿ ಇಡೀ ಪ್ರಪಂಚದಲ್ಲಿ ಉಳಿದಿದ್ದ ಕಾಂಡೋರ್‌ಗಳು 22 ಮಾತ್ರ. 1987ರಲ್ಲಿ ಕಾಡಿನಲ್ಲಿದ್ದ ಕೊನೆಯ ಹಕ್ಕಿಯನ್ನೂ ಹಿಡಿದು, ಮೃಗಾಲಯಗಳಲ್ಲಿ ಸಂತಾನ ಬೆಳೆಸಿ, 1992ರಿಂದ ಮತ್ತೆ ಕಾಡಿಗೆ ಬಿಡಲಾಯಿತು. ಈಗ ಒಟ್ಟು ಸಂಖ್ಯೆ 500 ದಾಟಿದೆ, ಅರ್ಧಕ್ಕಿಂತ ಹೆಚ್ಚು ಸ್ವತಂತ್ರವಾಗಿ ಹಾರಾಡುತ್ತಿವೆ. ಇಷ್ಟು ಶ್ರಮಪಟ್ಟು ಬಿಟ್ಟ ಹಕ್ಕಿಗಳ ಸಾವಿಗೆ ಅತಿ ದೊಡ್ಡ ಕಾರಣವಾದದ್ದು ಸೀಸದ ವಿಷ.

ಕೊಳೆತುದನ್ನೂ ಅರಗಿಸಿಕೊಳ್ಳಲು ರಣಹದ್ದಿನ ಜಠರದಲ್ಲಿ ತೀಕ್ಷ್ಣ ಆಮ್ಲವಿದೆ. ಅದೇ ಆಮ್ಲ ಸೀಸದ ಚೂರನ್ನು ಕರಗಿಸಿ ರಕ್ತಕ್ಕೆ ಸೇರಿಸುತ್ತದೆ. ವಿಷ ನರಗಳನ್ನು ತಟ್ಟಿದಾಗ ಅನ್ನನಾಳದ ಚೀಲ ಕೆಲಸ ನಿಲ್ಲಿಸುತ್ತದೆ. ತಿಂದದ್ದು ಕೆಳಗಿಳಿಯುವುದಿಲ್ಲ. ಕತ್ತಿನ ಚೀಲದ ತುಂಬ ಆಹಾರವಿದ್ದೂ ಹಕ್ಕಿ ಹಸಿವಿನಿಂದ ಸಾಯುತ್ತದೆ. ಕಾಂಡೋರ್ ಒಂದರ ಕಥೆಯಲ್ಲ ಇದು. ಅಮೆರಿಕದ 38 ರಾಜ್ಯಗಳ 1,210 ಗರುಡಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಸುಮಾರು ಅರ್ಧದಷ್ಟರಲ್ಲಿ ದೀರ್ಘಕಾಲದ ಸೀಸ ಸೇವನೆಯ ಗುರುತುಗಳಿದ್ದವು.

ಊಟದ ತಟ್ಟೆಗೆ ಬಂದ ಸೀಸ

ಮನೆಗೆ ಒಯ್ದ ಭಾಗದ ಸಂಗತಿ ಬಯಲಾದದ್ದು 2008ರಲ್ಲಿ. ಉತ್ತರ ಡಕೋಟಾ ರಾಜ್ಯದಲ್ಲಿ ಬೇಟೆಗಾರರು ಬಡವರಿಗೆಂದು ದಾನ ಕೊಟ್ಟಿದ್ದ ಜಿಂಕೆ ಮಾಂಸದಲ್ಲಿ ಸೀಸದ ಚೂರುಗಳು ಪತ್ತೆಯಾದವು. ಬಳಿಕ ಅಲ್ಲಿನ 738 ಜನರ ರಕ್ತ ಪರೀಕ್ಷೆ ನಡೆಯಿತು. ಬೇಟೆ ಮಾಂಸ ತಿನ್ನುವವರ ರಕ್ತದಲ್ಲಿ, ತಿನ್ನದವರಿಗಿಂತ, ಪ್ರತಿ ಡೆಸಿಲೀಟರಿಗೆ 0.30 ಮೈಕ್ರೋಗ್ರಾಂನಷ್ಟು ಸೀಸ ಹೆಚ್ಚಿತ್ತು. ಇದು ಸಣ್ಣ ಅಂಕಿ, ಯಾರೂ ಹಾಸಿಗೆ ಹಿಡಿಯಲಿಲ್ಲ. ಆದರೆ ಇಷ್ಟು ಸೀಸದಿಂದ ಅಪಾಯವಿಲ್ಲ ಎನ್ನಬಹುದಾದ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದೇಹವು ಸೀಸವನ್ನು ಕ್ಯಾಲ್ಸಿಯಂ ಎಂದು ತಪ್ಪು ತಿಳಿದು ಮೂಳೆಯಲ್ಲಿ ಕೂಡಿಡುತ್ತದೆ. ರಕ್ತದ ಹಿಮೋಗ್ಲೋಬಿನ್ ತಯಾರಿಗೆ ಬೇಕಾದ ಕಿಣ್ವವನ್ನು ಅದು ತಡೆಯುತ್ತದೆ. ಬೆಳೆಯುವ ಮಕ್ಕಳ ಕರುಳು ದೊಡ್ಡವರದಕ್ಕಿಂತ ಹಲವು ಪಟ್ಟು ಹೆಚ್ಚು ಸೀಸವನ್ನು ಹೀರುತ್ತದೆ. ಅದರಿಂದ ಕುಂದುವ ಬುದ್ಧಿಶಕ್ತಿ ಮತ್ತೆ ಪೂರ್ತಿ ಮರಳುವುದಿಲ್ಲ.

ತಾಮ್ರದ ಲೆಕ್ಕಾಚಾರ

ತಾಮ್ರ ಸೀಸಕ್ಕಿಂತ ಗಟ್ಟಿ. ಗುಂಡಿನ ತುದಿಯಲ್ಲಿ ಸಣ್ಣ ಕುಳಿ ಮಾಡಿದರೆ, ತಾಗಿದಾಗ ತುದಿ ಹೂವಿನ ದಳಗಳಂತೆ ಹಿಂದಕ್ಕೆ ಬಾಗಿಕೊಳ್ಳುತ್ತದೆ. ಗುಂಡು ತನ್ನ ತೂಕದ ಬಹುಪಾಲನ್ನು ಉಳಿಸಿಕೊಂಡೇ ಕೆಲಸ ಮುಗಿಸುತ್ತದೆ. ಪ್ರಾಣಿ ಬೇಗ ಬೀಳುತ್ತದೆ, ಪುಡಿ ಉಳಿಯುವುದಿಲ್ಲ.

ಬೇಟೆಗಾರರ ಅನುಮಾನಗಳೂ ಬುಡವಿಲ್ಲದವಲ್ಲ. ಸೀಸದ ಸಾಂದ್ರತೆ 11.34, ತಾಮ್ರದ್ದು 8.96. 10 ಗ್ರಾಂ ಸೀಸಕ್ಕೆ 0.88 ಘನ ಸೆಂಟಿಮೀಟರ್ ಜಾಗ ಸಾಕು, ಅಷ್ಟೇ ತೂಕದ ತಾಮ್ರಕ್ಕೆ 1.12 ಬೇಕು. ಕೋವಿಯ ನಳಿಗೆಯ ಅಗಲ ಬದಲಾಗದ್ದರಿಂದ ಗುಂಡು ಉದ್ದವಾಗಬೇಕು. ಉದ್ದದ ಗುಂಡು ನೇರವಾಗಿ ಹಾರಲು ಹೆಚ್ಚು ವೇಗವಾಗಿ ಗಿರಕಿ ಹೊಡೆಯಬೇಕು, ಕೆಲವು ಹಳೆಯ ಕೋವಿಗಳಿಗೆ ಇದು ಒಗ್ಗುವುದಿಲ್ಲ. ಪರಿಹಾರವೆಂದರೆ ಸ್ವಲ್ಪ ಹಗುರ ಗುಂಡನ್ನು ಹೆಚ್ಚು ವೇಗದಲ್ಲಿ ಹಾರಿಸುವುದು, ಗುರಿಯನ್ನು ಹೊಸದಾಗಿ ಸರಿಪಡಿಸಿಕೊಳ್ಳುವುದು. ಬಹಳ ದೂರದಲ್ಲಿ ವೇಗ ಕುಗ್ಗಿದಾಗ ತಾಮ್ರ ಸರಿಯಾಗಿ ಅರಳದಿರಬಹುದು. ಆದ್ದರಿಂದ ಹತ್ತಿರ ಹೋಗಿಯೇ ಹೊಡೆಯಬೇಕು.

ಬದಲಾವಣೆ ಎರಡು ದಾರಿಯಲ್ಲಿ ಬಂತು. ಅರಿಜೋನಾ ರಾಜ್ಯ 2005ರಿಂದ ಕಾಂಡೋರ್ ಇರುವ ಪ್ರದೇಶದ ಬೇಟೆಗಾರರಿಗೆ ಸೀಸವಿಲ್ಲದ ಗುಂಡುಗಳನ್ನು ಉಚಿತವಾಗಿ ಹಂಚಿ, ಕಾರಣ ವಿವರಿಸಿತು. ಶೇಕಡ 80ಕ್ಕೂ ಹೆಚ್ಚು ಮಂದಿ ಸ್ವಇಚ್ಛೆಯಿಂದ ಸಹಕರಿಸಿದರು. ಕ್ಯಾಲಿಫೋರ್ನಿಯಾ ಕಾನೂನಿನ ದಾರಿ ಹಿಡಿದು 2008ರಲ್ಲಿ ಕಾಂಡೋರ್ ಪ್ರದೇಶದಲ್ಲೂ, 2019ರ ಜುಲೈ 1ರಿಂದ ಇಡೀ ರಾಜ್ಯದಲ್ಲೂ ಬೇಟೆಗೆ ಸೀಸದ ಗುಂಡನ್ನು ನಿಷೇಧಿಸಿತು. ಡೆನ್ಮಾರ್ಕ್ 1996ರಲ್ಲೇ ಸೀಸದ ಚರೆಗಳನ್ನು ಕೈಬಿಟ್ಟಿತ್ತು, 2024ರ ಏಪ್ರಿಲ್‌ನಿಂದ ರೈಫಲ್ ಗುಂಡುಗಳಿಗೂ ಆ ನಿಯಮ ತಂದಿತು. ಮುಂದೆ ಏನಾದೀತೆಂಬುದಕ್ಕೆ ಕಾಂಡೋರ್‌ಗಳ ರಕ್ತ ಪರೀಕ್ಷೆಯೇ ಉತ್ತರ ಹೇಳಬೇಕು. ಸೀಸದ ಒಂದು ಸಣ್ಣ ಚೂರೂ ಹಕ್ಕಿಯೊಂದನ್ನು ಕೊಲ್ಲಲು ಸಾಕಾಗಬಹುದಾದ್ದರಿಂದ, ಹತ್ತರಲ್ಲಿ ಎಂಟು ಜನ ಬದಲಾದರೂ ಉಳಿದಿಬ್ಬರಿಂದ ಅಪಾಯ ತಪ್ಪಿದ್ದಲ್ಲ.

ನಮ್ಮಲ್ಲೂ ಇಂಥದೇ ಪಾಠವಾಗಿದೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ನೋವಿನ ಔಷಧಿ ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಮೂತ್ರಪಿಂಡವನ್ನು ಕೆಡಿಸಿ, ಭಾರತದಲ್ಲಿ ಅವುಗಳನ್ನು ಅಳಿವಿನಂಚಿಗೆ ತಂದಿತು. 2006ರಲ್ಲಿ ಜಾನುವಾರುಗಳಿಗೆ ಆ ಔಷಧಿಯನ್ನು ನಿಷೇಧಿಸಲಾಯಿತು. ರಾಮನಗರದ ರಾಮದೇವರ ಬೆಟ್ಟದಲ್ಲಿ 2012ರಲ್ಲಿ ರಣಹದ್ದುಗಳಿಗಾಗಿಯೇ ವನ್ಯಧಾಮ ರೂಪುಗೊಂಡಿತು.

ಸೀಸವಂತೂ ನಮ್ಮ ಮನೆಗಳ ಹತ್ತಿರವೇ ಇದೆ. ಗಾಳದ ದಾರಕ್ಕೆ ಸೀಸದ ಗುಂಡು ಬಿಗಿಯಲು ಹಲ್ಲಿನಲ್ಲಿ ಕಚ್ಚುವ ಹುಡುಗರಿದ್ದಾರೆ. ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವವರಿದ್ದಾರೆ. ಹಳೆಯ ಬಾಗಿಲು ಕಿಟಕಿಗಳ ಬಣ್ಣವನ್ನು ಉಜ್ಜಿ ತೆಗೆಯುವಾಗ ಏಳುವ ಧೂಳಿನಲ್ಲೂ ಅದು ಇರಬಹುದು. ಗಾಳಕ್ಕೆ ಇಕ್ಕಳ ಬಳಸಿ, ಸೀಸ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದ ಮೇಲೆಯೇ ಊಟಕ್ಕೆ ಕೂತುಕೊಳ್ಳಿ. ಬಣ್ಣ ಉಜ್ಜುವ ಮೊದಲು ಮೇಲ್ಮೈಯನ್ನು ಒದ್ದೆ ಮಾಡಿಕೊಳ್ಳಿ, ಆ ಕೆಲಸ ಮುಗಿಯುವ ತನಕ ಚಿಕ್ಕ ಮಕ್ಕಳು ಹತ್ತಿರ ಸುಳಿಯದಂತೆ ನೋಡಿಕೊಳ್ಳಿ.