ಮೂತ್ರ ಹೋಗುತ್ತಿದೆ, ಆದರೂ ಕಿಡ್ನಿ ಸರಿಯಿಲ್ಲ

"ಮೂತ್ರ ಚೆನ್ನಾಗಿಯೇ ಹೋಗ್ತಿದೆ ಡಾಕ್ಟ್ರೇ, ಕಿಡ್ನಿ ಹೇಗೆ ಹಾಳಾಗತ್ತೆ?" ಮೂತ್ರಪಿಂಡ ತಜ್ಞರ ಕಿವಿಗೆ ಮತ್ತೆ ಮತ್ತೆ ಬೀಳುವ ಮಾತಿದು. ಕಿಡ್ನಿಯ ಬಗ್ಗೆ ನಮ್ಮಲ್ಲಿರುವ ತಪ್ಪು ಕಲ್ಪನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುತ್ತಿರುವುದು ಇದೇ ಎಂದು ನನಗನ್ನಿಸುತ್ತದೆ.

ಕಿಡ್ನಿ ಬರೀ ಕೊಳೆ ಸೋಸುವ ಜರಡಿಯಲ್ಲ. ಒಂದೊಂದು ಕಿಡ್ನಿಯಲ್ಲೂ ನೆಫ್ರಾನ್ ಎಂಬ ಸೂಕ್ಷ್ಮ ಸೋಸುವ ಘಟಕಗಳು ಸುಮಾರು 10 ಲಕ್ಷ ಇವೆ. ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ ತೆಗೆಯುತ್ತವೆ. ಮೂತ್ರವಾಗಿ ಹೊರಬೀಳುವುದು ಒಂದೂವರೆ ಲೀಟರಿನ ಆಸುಪಾಸು ಮಾತ್ರ. ಹಬ್ಬಕ್ಕೆ ಮನೆ ಸಾರಿಸುವಾಗ ಸಾಮಾನೆಲ್ಲ ಅಂಗಳಕ್ಕೆ ಹಾಕಿ, ಬೇಕಾದ್ದನ್ನಷ್ಟೇ ಒಳಗೆ ತರುತ್ತೇವಲ್ಲ, ಹಾಗೆ ನೀರು, ಸಕ್ಕರೆ, ಲವಣಗಳನ್ನು ನೆಫ್ರಾನ್‌ಗಳು ಮತ್ತೆ ರಕ್ತಕ್ಕೆ ಸೇರಿಸುತ್ತವೆ. ರೋಗ ಬಂದಾಗ ಈ ಮರಳಿ ತರುವ ಶಕ್ತಿಯೂ ಕುಂದುತ್ತದೆ. ಆಗ ಮೂತ್ರ ಕಡಿಮೆಯಾಗುವ ಬದಲು ಹೆಚ್ಚಾಗಲೂಬಹುದು. ರಾತ್ರಿ ಎರಡು ಮೂರು ಸಲ ಏಳಬೇಕಾಗುತ್ತದೆ. ನೀರು ಧಾರಾಳವಾಗಿ ಹೋಗುತ್ತಿರುತ್ತದೆ, ಹೋಗಬೇಕಾದ ಕಲ್ಮಶ ಮಾತ್ರ ರಕ್ತದಲ್ಲೇ ಉಳಿಯುತ್ತದೆ. ಸಾಲದ್ದಕ್ಕೆ, ಕಿಡ್ನಿಯ ಸಾಮರ್ಥ್ಯ ಅರ್ಧಕ್ಕೆ ಇಳಿಯುವವರೆಗೂ ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ಕಲ್ಮಶ ಮಾಮೂಲಿ ಮಟ್ಟದಲ್ಲೇ ಇರಬಹುದು. ಅದಕ್ಕೆ ಮುಂಚೆ ಸುಳಿವು ಕೊಡುವುದು ಮೂತ್ರದಲ್ಲಿ ಸೋರುವ ಅಲ್ಬುಮಿನ್ ಎಂಬ ಪ್ರೋಟೀನು.

"ಸೊಂಟ ನೋವು, ಕಿಡ್ನಿಯೇ ಇರಬೇಕು" ಎಂಬ ಭಯ ಇದರ ಇನ್ನೊಂದು ಮುಖ. ಬಗ್ಗಿದಾಗ, ಭಾರ ಎತ್ತಿದಾಗ ಹಿಡಿಯುವ ನೋವು ಸಾಮಾನ್ಯವಾಗಿ ಸ್ನಾಯುವಿನದು ಅಥವಾ ಬೆನ್ನುಮೂಳೆಯದು. ನಿಧಾನವಾಗಿ ಹಾಳಾಗುವ ಕಿಡ್ನಿ ಬಹುತೇಕ ನೋಯುವುದೇ ಇಲ್ಲ. ನೋಯಿಸುವುದು ಕಲ್ಲು: ಮೂತ್ರನಾಳದಲ್ಲಿ ಸಿಕ್ಕಿಕೊಂಡರೆ ಪಕ್ಕೆಯಿಂದ ತೊಡೆಸಂದಿನವರೆಗೆ ನೋವು ಅಲೆಯಲೆಯಾಗಿ ಬರುತ್ತದೆ, ಕೂರಲೂ ಆಗದು, ಮಲಗಲೂ ಆಗದು.

ಕಲ್ಲಿಗೆ ಬಿಯರ್ ಮದ್ದು ಎನ್ನುವವರಿಗಂತೂ ಕೊರತೆಯಿಲ್ಲ. 5 ಮಿಲಿಮೀಟರಿಗಿಂತ ಸಣ್ಣ ಕಲ್ಲುಗಳು ಬಹುಪಾಲು ತಾವಾಗಿಯೇ ಜಾರಿ ಹೋಗುತ್ತವೆ. ಆ ವಾರ ಕುಡಿದ ಬಿಯರಿಗೋ ಬಾಳೆದಿಂಡಿನ ರಸಕ್ಕೋ ಹೆಸರು ಬರುತ್ತದೆ. ಬಿಯರ್ ಕಲ್ಲನ್ನು ಕರಗಿಸುವುದಿಲ್ಲ, ಯೂರಿಕ್ ಆಮ್ಲವನ್ನು ಹೆಚ್ಚಿಸುತ್ತದೆ ಅಷ್ಟೆ. ಟೊಮೆಟೊ ಬೀಜ ಹೋಗಿ ಕಲ್ಲಾಗುತ್ತದೆಂಬುದೂ ಕಟ್ಟುಕಥೆ. ಬೀಜ ಹೋಗುವುದು ಕರುಳಿಗೆ, ಕಿಡ್ನಿಗಲ್ಲ. ಕಲ್ಲಿಗೆ ಹೆದರಿ ಹಾಲು ಬಿಡುವುದಂತೂ ತಿರುಗುಬಾಣ. ಹಾಲಿನ ಕ್ಯಾಲ್ಸಿಯಂ ಊಟದಲ್ಲಿರುವ ಆಕ್ಸಲೇಟನ್ನು ಕರುಳಿನಲ್ಲೇ ಹಿಡಿದು ಮಲದೊಂದಿಗೆ ಸಾಗಿಸುತ್ತದೆ. ಹಾಲು ಬಿಟ್ಟರೆ ಆ ಆಕ್ಸಲೇಟ್ ರಕ್ತ ಸೇರಿ ಮೂತ್ರಕ್ಕೆ ಬಂದು ಕಲ್ಲಿಗೆ ದಾರಿಯಾಗುತ್ತದೆ.

ನೀರಿನ ಮಾತು ಬೇರೆ. ಕಲ್ಲಾಗುವ ಪ್ರವೃತ್ತಿ ಇರುವವರು ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯುವುದು ಒಳ್ಳೆಯದೇ. ಆದರೆ ಕೆಟ್ಟ ಕಿಡ್ನಿ ನೀರಿನಿಂದ ತೊಳೆದು ಸರಿಹೋಗುವ ಪಾತ್ರೆಯಲ್ಲ. ಕಿಡ್ನಿ ವೈಫಲ್ಯ ಮುಂದುವರಿದವರಿಗೆ ನೀರನ್ನೂ ಅಳೆದು ಕೊಡಬೇಕಾಗುತ್ತದೆ. ರೋಗಿಯನ್ನು ನೋಡಲು ಹೋಗುವಾಗ ಎಳನೀರು ಒಯ್ಯುವ ನಮ್ಮ ಪ್ರೀತಿಗೂ ಇಲ್ಲಿ ತಡೆ ಬೇಕು: ಅದರ ಪೊಟ್ಯಾಸಿಯಂ ಹೊರಹೋಗದೆ ಉಳಿದು ಹೃದಯದ ಬಡಿತವನ್ನೇ ಏರುಪೇರು ಮಾಡಬಲ್ಲದು.

ಡಯಾಲಿಸಿಸ್ ಒಮ್ಮೆ ಶುರುವಾದರೆ ಬಿಡುವಂತಿಲ್ಲ ಎಂದು ಹೆದರಿ ಮುಂದೂಡುವವರಿದ್ದಾರೆ. ಹಾವಿನ ಕಡಿತ, ಇಲಿ ಜ್ವರಗಳಿಂದ ಕಿಡ್ನಿ ಹಠಾತ್ತಾಗಿ ನಿಂತಾಗ ಕೆಲವು ವಾರ ಡಯಾಲಿಸಿಸ್ ಮಾಡಿಸಿಕೊಂಡು, ಕಿಡ್ನಿ ಚೇತರಿಸಿದ ಮೇಲೆ ಬಿಟ್ಟವರು ಎಷ್ಟೋ ಮಂದಿ. ಅದನ್ನು ಬಿಡಲಾಗದ ಸ್ಥಿತಿಗೆ ತರುವುದು ರೋಗವೇ ಹೊರತು ಯಂತ್ರವಲ್ಲ. ಇನ್ನು ಕಸಿಯಲ್ಲಿ ಹಳೆಯ ಕಿಡ್ನಿ ತೆಗೆದು ಆ ಜಾಗದಲ್ಲಿ ಹೊಸದನ್ನು ಕೂರಿಸುತ್ತಾರೆ ಎಂದುಕೊಳ್ಳುವವರೇ ಹೆಚ್ಚು. ಸಾಮಾನ್ಯವಾಗಿ ಹಳೆಯವೆರಡೂ ಅಲ್ಲೇ ಇರುತ್ತವೆ. ಹೊಸದನ್ನು ಕೆಳಹೊಟ್ಟೆಯಲ್ಲಿ ಜೋಡಿಸುತ್ತಾರೆ.

ಸಕ್ಕರೆ ಕಾಯಿಲೆ ಅಥವಾ ಬಿಪಿ ಇದ್ದರೆ ವರ್ಷಕ್ಕೊಮ್ಮೆಯಾದರೂ ರಕ್ತದ ಕ್ರಿಯಾಟಿನಿನ್, ಮೂತ್ರದ ಅಲ್ಬುಮಿನ್ ಎರಡನ್ನೂ ಪರೀಕ್ಷೆ ಮಾಡಿಸಿ. ಒಂದನ್ನೇ ಮಾಡಿಸಿ ಸುಮ್ಮನಾಗಬೇಡಿ. ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ದಿನವೂ ನುಂಗುವ ಅಭ್ಯಾಸವಿದ್ದರೆ, ಅದೂ ಕಿಡ್ನಿಗೆ ಹಾನಿ ಮಾಡಬಹುದಾದ್ದರಿಂದ ವೈದ್ಯರಿಗೆ ಮುಚ್ಚಿಡದೆ ಹೇಳಿ.