ಒಂದು ತಂತಿ, ಹಲವು ತುದಿಗಳು

ಮಂಗಳೂರಿನಿಂದ ಬರುವ ಹೆದ್ದಾರಿಯು ಬಂಟ್ವಾಳ ತಾಲೂಕಿನ ಮಾಣಿಯಲ್ಲಿ ಕವಲೊಡೆಯುತ್ತದೆ. ಒಂದು ದಾರಿ ಪುತ್ತೂರು, ಸುಳ್ಯ, ಮಡಿಕೇರಿಗಳ ಮೂಲಕ ಮೈಸೂರಿಗೂ, ಇನ್ನೊಂದು ಉಪ್ಪಿನಂಗಡಿ, ಶಿರಾಡಿ ಘಾಟಿಗಳ ಮೂಲಕ ಬೆಂಗಳೂರಿಗೂ ಸಾಗುತ್ತದೆ. ಅಲ್ಲಿ ಬಸ್ಸಿಳಿದ ನಾವು ಒಂದು ಮೊಬೈಲ್ ಅಂಗಡಿಯನ್ನು ಹೊಕ್ಕೆವು. ನಮ್ಮ ಕೈಯಲ್ಲಿದ್ದುದು ಹದಿನೈದು ವರ್ಷಗಳ ಹಿಂದಿನ ಧ್ವನಿಮುದ್ರಣ ಯಂತ್ರ. ಅದರೊಳಗಿದ್ದುದು ಈಗ ನಮ್ಮೊಡನಿಲ್ಲದ ಗುರುಗಳ ವ್ಯಾಕರಣಪಾಠ. ಮನೆಯ ಪೆಟ್ಟಿಗೆಯಲ್ಲಿದ್ದ ಹತ್ತಾರು ಕೇಬಲ್‌ಗಳಲ್ಲಿ ಒಂದೂ ಅದಕ್ಕೆ ಹೊಂದಿರಲಿಲ್ಲ.

“ಇದು ಮಿನಿ ಮಾಷ್ಟ್ರೇ, ಈಗ ಯಾರೂ ಕೇಳುವುದಿಲ್ಲ. ಹುಡುಕಿ ನೋಡುವ” ಎಂದು ಅಂಗಡಿಯ ಹುಡುಗ ಒಳಗೆ ಹೋದನು.

ಗಣಕಯಂತ್ರಕ್ಕೆ ಕೀಲಿಮಣೆ, ಮೌಸ್, ಪ್ರಿಂಟರ್ ಮುಂತಾದವುಗಳನ್ನು ಜೋಡಿಸಲು ಹಿಂದೆ ಒಂದೊಂದಕ್ಕೂ ಒಂದೊಂದು ಬಗೆಯ ಕಂಡಿ ಬೇಕಾಗಿತ್ತು. ಈ ತೊಡಕನ್ನು ನಿವಾರಿಸಲೆಂದು 1996ರಲ್ಲಿ ಯುಎಸ್‌ಬಿ ಎಂಬ ಏಕರೂಪದ ವ್ಯವಸ್ಥೆ ಬಂದಿತು. ಅದನ್ನು ರೂಪಿಸಿದವರಲ್ಲಿ ಪ್ರಮುಖರು ವಡೋದರದಲ್ಲಿ ಓದಿ ಇಂಟೆಲ್ ಸಂಸ್ಥೆಯನ್ನು ಸೇರಿದ ಅಜಯ್ ಭಟ್ ಅವರು. ಆದರೆ ಉಪಕರಣಗಳು ಕಿರಿದಾದಂತೆ ಏಕವೂ ಅನೇಕವಾಯಿತು.

ಚಪ್ಪಟೆಯಾಗಿ ಆಯತಾಕಾರದಲ್ಲಿರುವುದು ‘ಎ’. ಗಣಕಯಂತ್ರಕ್ಕೂ ಚಾರ್ಜರಿಗೂ ಸಿಕ್ಕಿಸುವ ತುದಿಯಿದು. ಹೆಚ್ಚುಕಡಿಮೆ ಚೌಕವಾಗಿರುವ ‘ಬಿ’ಯನ್ನು ಪ್ರಿಂಟರಿನ ಹಿಂಬದಿಯಲ್ಲಿ ಕಾಣಬಹುದು. 2000ದ ಸುಮಾರಿಗೆ ಬಂದ ‘ಮಿನಿ’ ಕ್ಯಾಮೆರಾಗಳಿಗೂ ಧ್ವನಿಮುದ್ರಣ ಯಂತ್ರಗಳಿಗೂ ಒದಗಿತು. 2007ರಲ್ಲಿ ಬಂದ ‘ಮೈಕ್ರೊ’ ತೆಳುವಾದ ಫೋನುಗಳಿಗಾಗಿ ಹುಟ್ಟಿದುದು. ಸವೆಯುವ ಸ್ಪ್ರಿಂಗನ್ನು ಇದರಲ್ಲಿ ಫೋನಿನ ಬದಲು ಕೇಬಲ್‌ನ ತುದಿಯಲ್ಲಿಟ್ಟಿದ್ದಾರೆ. ಕೆಟ್ಟರೆ ಅಗ್ಗದ ವಸ್ತು ಕೆಡಲಿ ಎಂಬ ವಿವೇಕವಿದು. 2014ರ ‘ಸಿ’ಯಲ್ಲಿ 24 ಸಂಪರ್ಕಬಿಂದುಗಳಿದ್ದು, ಹೇಗೆ ತಿರುಗಿಸಿದರೂ ಕೂಡುತ್ತದೆ. 2024ರ ಡಿಸೆಂಬರ್ 28ರಿಂದ ಐರೋಪ್ಯ ಒಕ್ಕೂಟವು ಹೊಸ ಮೊಬೈಲುಗಳಿಗೆ ಇದನ್ನೇ ಕಡ್ಡಾಯ ಮಾಡಿದೆ.

ಹುಡುಗ ತಂದ ಕೇಬಲ್ ಸರಿಯಾಗಿ ಕೂಡಿತು. ಯಂತ್ರದ ದೀಪವೂ ಬೆಳಗಿತು. ಆದರೆ ಗಣಕಯಂತ್ರಕ್ಕೆ ಅದರ ಇರವೇ ತಿಳಿಯಲಿಲ್ಲ. “ಇದು ಚಾರ್ಜಿಗೆ ಮಾತ್ರ” ಎಂದನವನು. ಮಾಮೂಲಿ ಕೇಬಲ್ಲಿನೊಳಗೆ ನಾಲ್ಕು ಎಳೆಗಳಿರುತ್ತವೆ: ಎರಡು ವಿದ್ಯುತ್ತಿಗೆ, ಎರಡು ಮಾಹಿತಿಗೆ. ಅಗ್ಗದ ಕೆಲವು ಕೇಬಲ್‌ಗಳಲ್ಲಿ ಮಾಹಿತಿಯ ಎಳೆಗಳೇ ಇರುವುದಿಲ್ಲ. ‘ಸಿ’ ಕೇಬಲ್‌ಗಳಲ್ಲಿಯೂ ರೂಪ ಒಂದೇ, ಶಕ್ತಿ ಬೇರೆ. 60 ವ್ಯಾಟಿನದೂ ಉಂಟು, 240 ವ್ಯಾಟಿನದೂ ಉಂಟು. ಲ್ಯಾಪ್‌ಟಾಪಿಗೆ ಕೊಳ್ಳುವವರು ಕೇಬಲ್‌ನ ಮೇಲಿನ ಬರಹವನ್ನು ಓದಿಯೇ ಕೊಳ್ಳಬೇಕು.

ಎರಡನೆಯ ಕೇಬಲ್ ಹಾಕಿದಾಗ ಪಾಠಗಳೆಲ್ಲ ತೆರೆಯ ಮೇಲೆ ಸಾಲಾಗಿ ಮೂಡಿದವು. ಪಾಠಾರಂಭಕ್ಕೆ ಮುನ್ನ ಗುರುಗಳು ಕೆಮ್ಮುತ್ತಿದ್ದ ಆ ಸಣ್ಣ ಕೆಮ್ಮನ್ನು ಕೇಳಿ ನಾವು ಸ್ವಲ್ಪ ಹೊತ್ತು ಮಾತನಾಡಲಾರದೆ ಹೋದೆವು. ಹುಡುಗ ಅವುಗಳನ್ನೆಲ್ಲ ಪೆನ್‌ಡ್ರೈವಿಗೆ ಇಳಿಸಿಕೊಟ್ಟನು.

ವಾಚಕರಲ್ಲಿ ನಮ್ಮ ಅರಿಕೆಯಿಷ್ಟೆ. ಹಳೆಯ ಕ್ಯಾಮೆರಾವನ್ನಾಗಲಿ ಫೋನನ್ನಾಗಲಿ ಎತ್ತಿಡುವಾಗ ಅದರ ಕೇಬಲನ್ನೂ ಜೊತೆಗೇ ಕಟ್ಟಿಡಿ. ಕೂಡದ ತುದಿಯನ್ನು ಬಲವಂತವಾಗಿ ಒತ್ತಬೇಡಿ. ಕೀಳುವಾಗ ತಂತಿಯನ್ನು ಹಿಡಿದೆಳೆಯಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಹಿರಿಯರ ದನಿ ಅದರೊಳಗಿದ್ದರೆ, ಕೇಬಲ್ ದೊರೆಯುವ ಕಾಲದಲ್ಲಿಯೇ ಅದನ್ನು ಹೊರತೆಗೆದಿಡಿ.